ಪಾದದ ಗಂಟಿನ ನೀರು, 40 ಮೊಳದ ಬಾವಿ

ಮದೀನಾದ ಬಳಿ ಮಹ್ಝೂರ್ ಎಂಬ ಹಳ್ಳ. ಮಳೆ ಬಂದರಷ್ಟೇ ಹರಿಯುವಂಥದ್ದು. ಪ್ರವಾದಿ ಮುಹಮ್ಮದರ ಕಾಲದಲ್ಲಿ ಅದರ ಗುಂಟ ತೋಟಗಳಿದ್ದವು. ಹಳ್ಳ ಬಂದ ದಿನ ಮೇಲಿನ ತೋಟದವನು ನೀರನ್ನೆಲ್ಲ ಕಟ್ಟಿಕೊಂಡರೆ ಕೆಳಗಿನವನಿಗೆ ಕೆಸರೂ ಸಿಗುತ್ತಿರಲಿಲ್ಲ. ಈ ಹಳ್ಳದ ಬಗ್ಗೆ ಪ್ರವಾದಿಯವರು ಕೊಟ್ಟ ತೀರ್ಪು ಅಬೂ ದಾವೂದರ ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಸಂಗ್ರಹದಲ್ಲೂ ಇಮಾಮ್ ಮಾಲಿಕರ ಮುವತ್ತಾ ಎಂಬ ಗ್ರಂಥದಲ್ಲೂ ದಾಖಲಾಗಿದೆ: ಮೇಲಿನವನು ಪಾದದ ಗಂಟು ಮುಳುಗುವವರೆಗೆ ನೀರು ನಿಲ್ಲಿಸಿಕೊಳ್ಳಲಿ, ಆಮೇಲೆ ಕೆಳಗಿನವನಿಗೆ ಬಿಡಲಿ.

ಇಸ್ಲಾಂ ಮತ್ತು ಪರಿಸರ ಎಂದು ಮಾತು ಶುರುವಾದರೆ ಸಾಮಾನ್ಯವಾಗಿ ಮೂರು ಪದಗಳು ಬರುತ್ತವೆ. ಮನುಷ್ಯ ಭೂಮಿಯ ಮೇಲೆ ದೇವರ ಪ್ರತಿನಿಧಿ, ಖಲೀಫ. ಸೊತ್ತೆಲ್ಲ ಅವನ ಕೈಗೆ ಒಪ್ಪಿಸಿದ ಅಮಾನತ್ತು. ಸೃಷ್ಟಿಗೊಂದು ತಕ್ಕಡಿ ಇದೆ, ಅದು ಮೀಝಾನ್. ಮೂರಕ್ಕೂ ಕುರ್‌ಆನಿನ ಆಧಾರವಿದೆ. 57ನೇ ಅಧ್ಯಾಯದ 7ನೇ ವಚನ ಸಂಪತ್ತಿನ ವಿಷಯದಲ್ಲಿ ಮನುಷ್ಯರನ್ನು ಒಡೆಯರು ಎನ್ನದೆ ಉತ್ತರಾಧಿಕಾರಿಗಳು ಎಂದೇ ಕರೆಯುತ್ತದೆ. ಆದರೆ ಅಮಾನತ್ತು ಎಂದು ನೂರು ಸಲ ಹೇಳಿದರೂ 10 ಎಚ್‌ಪಿ ಮೋಟರು ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಇಸ್ಲಾಮಿನ ಒಡೆತನದ ವಿಚಾರಕ್ಕೆ ಪರಿಸರದ ಮಟ್ಟಿಗೆ ಏನಾದರೂ ಕಸುವಿದ್ದರೆ ಅದು ಇರುವುದು ಅಳತೆಗಳಲ್ಲಿ: ಗಂಟಿನಷ್ಟು ನೀರು, ಇಷ್ಟು ಮೊಳದ ಬಾವಿಯಂಚು, ಮೂರು ವರ್ಷದ ಗಡುವು, ಹತ್ತರಲ್ಲೊಂದು ಪಾಲು. ಫಿಕ್ಹ್, ಅಂದರೆ ಇಸ್ಲಾಮೀ ಕಾನೂನಿನ ಗ್ರಂಥಗಳ ಬೇಸಾಯ ಮತ್ತು ನೀರಿನ ಅಧ್ಯಾಯಗಳು ಮೊಳ, ಪಾಲು, ದಿನಗಳಿಂದ ತುಂಬಿಹೋಗಿವೆ. ಈ ಅಳತೆಗಳು ಕೆಟ್ಟಲ್ಲೆಲ್ಲ ನೆಲವೂ ಕೆಟ್ಟಿದೆ.

ಆ ಗಂಟಿನ ಅಳತೆಯನ್ನೇ ನೋಡಿ. ಇನ್ನೊಂದು ತಕರಾರಿನಲ್ಲಿ, ಝುಬೈರ್ ಎಂಬ ಅನುಯಾಯಿಗೂ ಮದೀನಾದ ಒಬ್ಬ ರೈತನಿಗೂ ಕಾಲುವೆಯ ಜಗಳವಾದಾಗ, ನೀರು ಬದುವಿನ ಮಟ್ಟಕ್ಕೆ ಬರುವವರೆಗೆ ನಿಲ್ಲಿಸು ಎಂದು ಪ್ರವಾದಿಯವರು ಹೇಳಿದ್ದರು. ಬದುವಿನ ಎತ್ತರ ಒಬ್ಬೊಬ್ಬರ ತೋಟದಲ್ಲಿ ಒಂದೊಂದು. ಹಾಗಾಗಿ ಜನ ಅದನ್ನು ಅಳೆದು ನೋಡಿ ಪಾದದ ಗಂಟಿಗೆ ಸರಿಹೊಂದಿಸಿಕೊಂಡರೆಂದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಮುಂದೆ ಸುನ್ನಿಗಳ ನಾಲ್ಕು ಕಾನೂನು ಪಂಥಗಳಲ್ಲೊಂದಾದ ಶಾಫಿಈ ಪಂಥದವರು ಇನ್ನೊಂದು ತೊಡಕನ್ನು ಎತ್ತಿದರು. ಹೊಲ ಏರುತಗ್ಗಾಗಿದ್ದರೆ? ಎತ್ತರದ ಮೂಲೆಗೆ ಗಂಟಿನಷ್ಟು ನೀರು ನಿಲ್ಲುವ ಹೊತ್ತಿಗೆ ತಗ್ಗಿನಲ್ಲಿ ಮೊಣಕಾಲುದ್ದ ನಿಂತಿರುತ್ತದೆ, ಕೆಳಗಿನವನ ಪಾಲು ಅಲ್ಲಿ ಕೊಳೆಯುತ್ತದೆ. ಅದಕ್ಕೆ ಎರಡೂ ಭಾಗಕ್ಕೆ ಬೇರೆಬೇರೆಯಾಗಿ ನೀರು ಹಾಯಿಸಬೇಕು ಎಂದು ಬರೆದಿಟ್ಟರು. (ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಪಾಲಿಸುವುದು ಇದೇ ಪಂಥವನ್ನು. ಘಟ್ಟದ ಮೇಲಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು.) 1058ರಲ್ಲಿ ತೀರಿಕೊಂಡ ಶಾಫಿಈ ಪಂಡಿತ ಮಾವರ್ದಿ ಇನ್ನೂ ಮುಂದೆ ಹೋದ. ಗಂಟಿನ ಅಳತೆ ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಕೊಟ್ಟದ್ದಲ್ಲ; ಮಣ್ಣು, ಬೆಳೆ, ಋತು, ಬಿತ್ತನೆಯ ಹೊತ್ತು, ಹಳ್ಳ ನಿರಂತರವೋ ಆಗೀಗ ಬರುವುದೋ, ಈ ಐದನ್ನು ನೋಡಿ ಅಳತೆ ಬದಲಾಗಬೇಕು ಎಂದ. ಸಾವಿರ ವರ್ಷದ ಹಿಂದಿನ ಈ ಸಾಲುಗಳನ್ನು ಓದಿದವರಿಗೆ ನಮ್ಮ ನಾಲಾ ಬಯಲುಗಳ ಕೊನೆಯ ರೈತನ ಗೋಳು ನೆನಪಾಗದೆ ಇರದು.

ಮೇಲಿನವನಿಗೆ ಮೊದಲ ಸರದಿ ಸಿಗುವುದು ಅವನು ಮೇಲಿರುವುದರಿಂದ ಮಾತ್ರವಲ್ಲ. ಕೆಳಗೆ ತೋಟ ಮಾಡಿಕೊಂಡವರಿರುವಾಗ ಆಮೇಲೆ ಬಂದವನೊಬ್ಬ ಹಳ್ಳದ ತಲೆಯಲ್ಲಿ ಹೊಸ ನೆಲ ಹದಮಾಡಿ ನೀರು ಕಟ್ಟಿದರೆ ಅವನ ಸರದಿ ಹಿಂದಕ್ಕೆ ಹೋಗುತ್ತದೆ. ಹಳಬರ ಬೆಳೆ ಮುಗಿದ ಮೇಲೆ ಉಳಿದದ್ದು ಅವನದು.

ಹಾಗಾದರೆ ನೀರು ಯಾರದು? ಮನುಷ್ಯರು ಮೂರು ವಸ್ತುಗಳಲ್ಲಿ ಪಾಲುದಾರರು, ನೀರು, ಹುಲ್ಲು, ಬೆಂಕಿ ಎಂಬ ಹದೀಸು ಪ್ರಸಿದ್ಧ. ಇದನ್ನು ಹಿಡಿದು ಇಸ್ಲಾಮಿನಲ್ಲಿ ನೀರಿಗೆ ಬೆಲೆಯೇ ಇಲ್ಲ ಎನ್ನುವವರಿದ್ದಾರೆ. ಫಿಕ್ಹ್ ಅಷ್ಟು ಸಲೀಸಾಗಿಲ್ಲ. ನದಿ, ದೊಡ್ಡ ಹಳ್ಳಗಳ ನೀರು ಎಲ್ಲರದು. ಒಬ್ಬ ತೋಡಿದ ಬಾವಿ, ತೆಗೆದ ಕಾಲುವೆಯಲ್ಲಿ ತೋಡಿದವನದೇ ಮೊದಲ ಹಕ್ಕು, ಆದರೆ ಬಾಯಾರಿದ ಮನುಷ್ಯನಿಗೂ ಪ್ರಾಣಿಗೂ ಅವನು ಇಲ್ಲ ಎನ್ನುವಂತಿಲ್ಲ. ಕೊಡದಲ್ಲಿ, ಚರ್ಮದ ಚೀಲದಲ್ಲಿ ತುಂಬಿಕೊಂಡ ನೀರು ಮಾತ್ರ ಪೂರ್ತಿ ಸ್ವಂತ, ಮಾರಲೂಬಹುದು. ದುಡಿಮೆ ಎಷ್ಟು ಸೇರಿದೆಯೋ ಹಕ್ಕು ಅಷ್ಟು ಗಟ್ಟಿ. ಕಾಡಿನ ಸೌದೆಗೂ ಇದೇ ಲೆಕ್ಕ, ಮರದಲ್ಲಿದ್ದಾಗ ಎಲ್ಲರದು, ಹೊರೆ ಕಟ್ಟಿ ತಲೆಗೇರಿಸಿದ ಮೇಲೆ ಹೊತ್ತವನದು. ಇನ್ನೊಂದು ಹದೀಸು ಮಿಕ್ಕ ನೀರನ್ನು ತಡೆದು ಆ ಮೂಲಕ ಹುಲ್ಲುಗಾವಲನ್ನು ತಡೆಯುವುದನ್ನು ನಿಷೇಧಿಸುತ್ತದೆ. ಇದರ ಸೂಕ್ಷ್ಮ ದನ ಮೇಯಿಸಿದವರಿಗೆ ಬೇಗ ಹೊಳೆಯುತ್ತದೆ. ಹುಲ್ಲುಗಾವಲಿಗೆ ಬೇಲಿ ಹಾಕುವುದು ಕಷ್ಟ. ಅಲ್ಲಿರುವ ಒಂದೇ ಬಾವಿಯನ್ನು ಹಿಡಿದುಕೊಂಡರೆ ಸಾಕು, ನೀರಿಲ್ಲದೆ ಬೇರೆಯವರ ಮಂದೆ ಅತ್ತ ಸುಳಿಯುವುದಿಲ್ಲ. ಕೈಯಲ್ಲಿರುವುದು ಒಂದು ಬಾವಿ, ದಕ್ಕಿದ್ದು ಸಾವಿರಾರು ಎಕರೆ.

ಬಾವಿಗೊಂದು ಅಂಚು ಉಂಟು. ಅರಬ್ಬಿಯಲ್ಲಿ ಹರೀಮ್, ಅಂದರೆ ಬೇರೆಯವರು ಕಾಲಿಡಬಾರದ ಸುತ್ತುಭೂಮಿ. ದಕ್ಷಿಣ ಕನ್ನಡದ ಕುಮ್ಕಿ ಭೂಮಿ ಗೊತ್ತಿದ್ದವರಿಗೆ ಕಲ್ಪನೆ ಹೊಸದಲ್ಲ, ಉದ್ದೇಶ ಬೇರೆ. ಹನಫಿ ಗ್ರಂಥಗಳ ಪ್ರಕಾರ ಜಾನುವಾರಿಗೆ ಕೈಯಲ್ಲಿ ಸೇದುವ ಬಾವಿಗೆ ಪ್ರತಿ ದಿಕ್ಕಿಗೆ 40 ಮೊಳ. ಒಂಟೆ ಕಟ್ಟಿ ಎಳೆಯುವ ಬಾವಿಗೆ ಪಂಥದ ಮೂಲಗುರು ಅಬೂ ಹನೀಫಾನ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ 60 ಮೊಳ ಎಂದರು. ಹಗ್ಗ ಎಳೆಯುತ್ತ ಒಂಟೆ ನಡೆದುಹೋಗುವ ದಾರಿ ಬೇಕಲ್ಲ, ನಮ್ಮ ಕಪಿಲೆ ಬಾವಿಯ ಇಳಿಜಾರಿನ ಹಾಗೆ. ಊಟೆಗೆ, ಅಂದರೆ ತಾನಾಗಿ ಚಿಮ್ಮುವ ಬುಗ್ಗೆಗೆ, 500 ಮೊಳ. ಮೊಳಕ್ಕೆ ಅರ್ಧ ಮೀಟರ್ ಎಂದು ಹಿಡಿದರೆ 20, 30 ಮತ್ತು 250 ಮೀಟರ್.

40 ಮೊಳ ಎಂದರೆ ನಾಲ್ಕು ದಿಕ್ಕಿಗೆ ಸೇರಿಯೋ ಒಂದೊಂದು ದಿಕ್ಕಿಗೋ ಎಂಬ ಚರ್ಚೆ ಬಂದಾಗ 1197ರಲ್ಲಿ ತೀರಿಕೊಂಡ ಮರ್ಗೀನಾನಿ ತನ್ನ ಹಿದಾಯಾದಲ್ಲಿ ಒಂದೊಂದು ದಿಕ್ಕಿಗೂ ಎಂಬುದೇ ಸರಿ ಎಂದ. ಕಾರಣ? ಕೆಲವು ನೆಲ ಸಡಿಲ, ಹತ್ತಿರದಲ್ಲಿ ಇನ್ನೊಂದು ತೋಡಿದರೆ ಮೊದಲಿನದರ ನೀರು ಅತ್ತ ಸರಿದುಹೋಗುತ್ತದೆ. ಮಧ್ಯ ಏಷ್ಯಾದ ಕಾನೂನು ಪಂಡಿತನೊಬ್ಬ ಅಂತರ್ಜಲದ ಓಟವನ್ನು ಕಾರಣವಾಗಿ ಕೊಟ್ಟದ್ದು ಹೀಗೆ. ಆದರೆ ಅದೇ ಗ್ರಂಥದ ಮುಂದಿನ ಮಾತು ಎಡವುತ್ತದೆ. ಎರಡನೆಯವನು 40 ಮೊಳದ ಆಚೆ ತೋಡಿ, ಆಗಲೂ ಮೊದಲ ಬಾವಿ ಬತ್ತಿದರೆ? ಅವನ ಮೇಲೆ ಏನೂ ಇಲ್ಲ, ಅವನು ಗೆರೆ ದಾಟಿಲ್ಲ. ಆಟೊಮನ್ ಸಾಮ್ರಾಜ್ಯ 1869ರಿಂದ 1876ರ ನಡುವೆ ಹನಫಿ ಕಾನೂನನ್ನು ಕಲಮುಗಳಾಗಿ ಬರೆಯಿಸಿದ ಮಜಲ್ಲಾ ಇದನ್ನೇ ಮುಂದುವರಿಸಿತು. ಅದರ 1281ನೇ ಕಲಮಿನಲ್ಲಿ ಬಾವಿಗೆ 40 ಮೊಳ, 1282ರಲ್ಲಿ ಬುಗ್ಗೆಗೆ 500.

ಬಿಂದಿಗೆಯಲ್ಲಿ ಸೇದುವ ಕಾಲಕ್ಕೆ 20 ಮೀಟರ್ ಸಾಕಿತ್ತು. ಸಬ್‌ಮರ್ಸಿಬಲ್ ಪಂಪು ಗಟ್ಟಿಬಂಡೆಯ ಬಿರುಕುಗಳ ಗುಂಟ ನೂರಾರು ಮೀಟರ್ ಆಚೆಯ ನೀರನ್ನೂ ಎಳೆಯುತ್ತದೆ. ಮೊಳದ ಲೆಕ್ಕ ಉಳಿದು ಅದರ ಹಿಂದಿನ ಕಾರಣ ಸತ್ತರೆ ಆಗುವುದು ಇದೇ. ಇಲ್ಲಿ ಮಾಲಿಕಿ ಪಂಥ ನನಗೆ ಹೆಚ್ಚು ಚುರುಕೆನಿಸುತ್ತದೆ. ಬಾವಿಗೆ ಗೊತ್ತುಮಾಡಿದ ಅಂಚೇ ಇಲ್ಲ, ಕೆಲವು ಬಾವಿ ಮೆದು ನೆಲದಲ್ಲಿರುತ್ತವೆ, ಕೆಲವು ಬಂಡೆಯಲ್ಲಿ, ಹಾನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಂಚು ಅಲ್ಲಿಯವರೆಗೆ ಎಂಬುದು ಇಮಾಮ್ ಮಾಲಿಕರ ನಿಲುವು. ಹಾನಿ ಮಾಡಬಾರದು, ಹಾನಿಗೆ ಪ್ರತಿಹಾನಿಯೂ ಕೂಡದು ಎಂಬ ಹದೀಸಿನ ನೇರ ಅನ್ವಯ ಇದು.

ಹಾನಿಯನ್ನು ಅಳೆಯುವುದು ಹೇಗೆ ಎಂದು ಕೇಳಿದರೆ ಇಂದು ಉತ್ತರ ಕಷ್ಟವಲ್ಲ. ಹಳೆಯ ಬಾವಿಯಿಂದ ರಾತ್ರಿಯಿಡೀ ನೀರೆತ್ತದೆ ಬಿಟ್ಟು ಬೆಳಿಗ್ಗೆ ನಿಂತ ಮಟ್ಟವನ್ನು ಅಳೆಯಬೇಕು. ನಾಲ್ಕೈದು ದಿನ ಹೀಗೆ ಮಾಡಿದರೆ ಮಟ್ಟ ತಾನಾಗಿ ದಿನಕ್ಕೆಷ್ಟು ಇಳಿಯುತ್ತದೆಂದು ಗೊತ್ತಾಗುತ್ತದೆ. ಆಮೇಲೆ ಹೊಸ ಕೊಳವೆಬಾವಿಯನ್ನು ಬಿಡದೆ 24 ಗಂಟೆ, ಸಾಧ್ಯವಾದರೆ 72 ಗಂಟೆ ಓಡಿಸಿ, ಹಳೆಯ ಬಾವಿಯ ಮಟ್ಟವನ್ನು ಗಂಟೆಗೊಮ್ಮೆ ಬರೆದುಕೊಳ್ಳಬೇಕು. ಮೋಟರು ನಿಲ್ಲಿಸಿದ ಮೇಲೆ ನೀರು ಎಷ್ಟು ಹೊತ್ತಿಗೆ ಹಳೇ ಮಟ್ಟಕ್ಕೆ ಏರಿತೆಂದೂ ನೋಡಬೇಕು. ತಾನಾಗಿ ಆಗುವುದಕ್ಕಿಂತ ಹೆಚ್ಚು ಇಳಿದದ್ದೆಷ್ಟೋ ಹಾನಿ ಅಷ್ಟು. ತಪ್ಪುವುದು ಎರಡು ಕಡೆ. ಮಳೆ ಹಿಡಿದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲ ಬಾವಿಯೂ ಸಾಧುವೇ, ಏಪ್ರಿಲ್‌ನಲ್ಲಿ ಮಾಡಬೇಕು. ಎರಡನೆಯದು, ತ್ರೀ-ಫೇಸ್ ಕರೆಂಟ್ ಬಂದ ಕೂಡಲೇ ಊರ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಇಳಿಸಿದ್ದು ಯಾರೆಂದು ಹೇಳಲಾಗದು. ಪರೀಕ್ಷೆಯ ದಿನ ಉಳಿದವರು ನಿಲ್ಲಿಸಬೇಕು. ಅದಕ್ಕೆ ಊರು ಒಪ್ಪಬೇಕು, ಮತ್ತು ಅಸಲು ಕಷ್ಟ ಅದೇ.

ನೆಲದಡಿಯ ನೀರು ಯಾರ ಸ್ವತ್ತೂ ಅಲ್ಲ ಎನ್ನುತ್ತದೆ ಮಜಲ್ಲಾದ 1235ನೇ ಕಲಮು. ಅದು ಮುಗಿದ ಆರು ವರ್ಷಕ್ಕೆ, 1882ರಲ್ಲಿ, ಬ್ರಿಟಿಷರು ನಮ್ಮಲ್ಲಿ ತಂದ ಈಸ್‌ಮೆಂಟ್ಸ್ ಕಾಯ್ದೆ ತನ್ನ ನೆಲದ ಕೆಳಗೆ ಗೊತ್ತಾದ ಕಾಲುವೆಯಲ್ಲಿ ಹರಿಯದ ನೀರನ್ನೆಲ್ಲ ತೆಗೆದುಕೊಳ್ಳುವ ಹಕ್ಕನ್ನು ಭೂಮಾಲೀಕನಿಗೆ ಕೊಟ್ಟಿತು. ಒಂದು ಯಾರದೂ ಅಲ್ಲ ಎಂದಿತು, ಇನ್ನೊಂದು ನೆಲವಿದ್ದವನದು ಎಂದಿತು. ವಿಚಿತ್ರವೆಂದರೆ ಕೊಳವೆಬಾವಿಯ ಮುಂದೆ ಎರಡರ ಫಲವೂ ಒಂದೇ, ಆಳಕ್ಕೆ ಕೊರೆಸಿದವನು ಗೆದ್ದ. ಯಾರದೂ ಅಲ್ಲ ಎಂಬುದು ಎಲ್ಲರದು ಎಂದಾಗಬೇಕಾದರೆ ನಡುವೆ ಒಂದು ಪಾಲಿನ ಪುಸ್ತಕ ಬೇಕು.

ಆ ಪುಸ್ತಕ ಇಟ್ಟವರು ಒಮಾನಿನವರು. ಅಲ್ಲಿನ ಫಲಜ್ ಎಂದರೆ ಗುಡ್ಡದ ಬುಡದಲ್ಲಿ ನೀರು ಸಿಗುವ ಆಳಕ್ಕೆ ತಾಯಿಬಾವಿ ತೋಡಿ, ಅಲ್ಲಿಂದ ಊರಿನವರೆಗೆ ತೀರ ಸಣ್ಣ ಇಳಿಜಾರಿನಲ್ಲಿ ನೆಲದೊಳಗೆ ಕೊರೆದ ಕಾಲುವೆ. ನಡುನಡುವೆ ಗಾಳಿಗೂ ಹೂಳೆತ್ತಲಿಕ್ಕೂ ಲಂಬ ಗುಂಡಿಗಳು. ಕಾಸರಗೋಡು ಕಡೆಯ ಸುರಂಗವನ್ನು ಕಿಲೋಮೀಟರುಗಟ್ಟಲೆ ಎಳೆದರೆ ಹೇಗೋ ಹಾಗೆ. ಇರಾನಿನಲ್ಲಿ ಕನಾತ್ ಎನ್ನುತ್ತಾರೆ. ಬಹಮನಿಗಳ ಕಾಲದಲ್ಲಿ ಈ ವಿದ್ಯೆ ಬೀದರಿಗೂ ಬಂತು, ನೌಬಾದಿನ ಕರೇಜ್ ಅದರ ಕುರುಹು. ಒಮಾನಿನಲ್ಲಿ ಇಂದಿಗೂ ಸುಮಾರು 3,000 ಫಲಜ್‌ಗಳು ಹರಿಯುತ್ತಿವೆ ಎಂದು ಯುನೆಸ್ಕೊ ಲೆಕ್ಕ. ನಿಝ್ವಾದ ದಾರಿಸ್ ಸೇರಿ ಐದು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮಸ್ಕತ್ತಿನಲ್ಲಿ ದುಡಿಯುವ ನಮ್ಮವರು ರಜೆಯಲ್ಲಿ ನಿಝ್ವಾಕ್ಕೆ ಹೋದಾಗ ಕಾಲು ಇಳಿಬಿಟ್ಟು ಕೂರುವ ಕಾಲುವೆ ಅದೇ.

ನೀರು ಊರಿಗೆ ಬಂದ ಕೂಡಲೇ ಮೊದಲು ಕುಡಿಯಲು. ಅಲ್ಲಿಂದ ಕೆಳಗೆ ಮಸೀದಿಯ ವುಝೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು), ಸ್ನಾನ. ಆಮೇಲೆ ಖರ್ಜೂರ, ಲಿಂಬೆಯಂಥ ಬಹುವಾರ್ಷಿಕ ತೋಟ. ಕೊನೆಗೆ ಅವಾಬಿ ಎಂಬ ಋತುಬೆಳೆಯ ಗದ್ದೆ. ತೋಟದ ಪಾಲು ಗಳಿಗೆಯಲ್ಲಿ. ಅಸರ್ ಎಂದರೆ ಅರ್ಧ ಗಂಟೆ; 24 ಅಸರ್ ಸೇರಿದರೆ ಒಂದು ಬಾದ್ದಾ, ಅಂದರೆ ಹಗಲೋ ಇರುಳೋ. ಎಂಟು ದಿನಕ್ಕೊಮ್ಮೆ ಸರದಿ ತಿರುಗುವ ಫಲಜ್‌ನಲ್ಲಿ ಒಟ್ಟು 384 ಅಸರ್. ಹಗಲು ನೆಟ್ಟ ಕೋಲಿನ ನೆರಳು ನೋಡಿ, ಇರುಳು ನಕ್ಷತ್ರಗಳು ಮೂಡುವುದನ್ನು ನೋಡಿ ಸರದಿ ಬದಲಾಯಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಕೈಗಡಿಯಾರ.

ಪಾಲನ್ನು ಲೀಟರಿನಲ್ಲಿ ಬರೆಯದೆ ಹೊತ್ತಿನಲ್ಲಿ ಬರೆದದ್ದರಲ್ಲಿ ಇಡೀ ಅರ್ಥಶಾಸ್ತ್ರ ಅಡಗಿದೆ. ಫಲಜ್ ಸೆಕೆಂಡಿಗೆ 20 ಲೀಟರ್ ಹರಿಯುತ್ತಿದ್ದರೆ ಒಂದು ಅಸರ್‌ಗೆ 36,000 ಲೀಟರ್. ಬರ ಬಂದು ಹರಿವು 10 ಲೀಟರಿಗೆ ಇಳಿದರೆ 18,000. ಒಂದು ಅಸರ್ ಇದ್ದವನಿಗೂ ಹತ್ತು ಅಸರ್ ಇದ್ದವನಿಗೂ ನಷ್ಟದ ಪ್ರಮಾಣ ಒಂದೇ, ಯಾರೂ ಕಚೇರಿಗೆ ಅಲೆಯಬೇಕಿಲ್ಲ. ಅದೇ ಲೀಟರಿನ ಕರಾರಾಗಿದ್ದರೆ ಬರದ ವರ್ಷ ಮೇಲಿನವರಿಗೆ ಪೂರ್ತಿ, ಕೊನೆಯವರಿಗೆ ಸೊನ್ನೆ. ನೀರು ಕಡಿಮೆಯಾದಾಗ ಅವಾಬಿಯನ್ನು ಬೀಳು ಬಿಡುತ್ತಾರೆ, ಖರ್ಜೂರ ಉಳಿಯುತ್ತದೆ. ಇನ್ನೊಂದು ಗುಣ ಕಾಲುವೆಯ ರಚನೆಯಲ್ಲೇ ಇದೆ: ತಾಯಿಬಾವಿಯ ಸುತ್ತ ನೀರಿನ ಮಟ್ಟ ಕಾಲುವೆಗಿಂತ ಕೆಳಗಿಳಿದರೆ ಹರಿವು ತಾನೇ ನಿಲ್ಲುತ್ತದೆ. ನಾಳಿನ ನೀರನ್ನು ಇಂದು ತೆಗೆಯಲು ದಾರಿಯೇ ಇಲ್ಲ.

ಎಲ್ಲ ಅಸರ್‌ಗಳೂ ಖಾಸಗಿಯಲ್ಲ. ಕೆಲವು ಮಸೀದಿಗೆ ವಕ್ಫ್ (ಮಾರದಂತೆ ಶಾಶ್ವತವಾಗಿ ಬಿಟ್ಟುಕೊಟ್ಟದ್ದು), ಕೆಲವು ಫಲಜ್‌ನದೇ ಸ್ವಂತ. ಫಲಜ್‌ನ ಪಾಲನ್ನು ಹರಾಜು ಹಾಕಿ ಬಂದ ಹಣದಲ್ಲಿ ಹೂಳೆತ್ತಿಸುತ್ತಾರೆ, ಕುಸಿದ ಗುಂಡಿ ಕಟ್ಟಿಸುತ್ತಾರೆ. ವಕೀಲ್ ಎಂಬ ಮೇಲ್ವಿಚಾರಕ, ಅವನ ಕೈಕೆಳಗೆ ಸರದಿ ನೋಡುವ ಆರಿಫ್, ಲೆಕ್ಕ ಬರೆಯುವವನೊಬ್ಬ. ದೋಷಗಳೂ ಕಡಿಮೆಯಿಲ್ಲ. ಬೇಡದ ಚಳಿಗಾಲದ ರಾತ್ರಿಯಲ್ಲೂ ನೀರು ಹರಿದು ವ್ಯರ್ಥವಾಗುತ್ತದೆ. ಕುರ್‌ಆನಿನ ಉತ್ತರಾಧಿಕಾರದ ನಿಯಮದಂತೆ ಪಾಲುಗಳು ಮಕ್ಕಳಿಗೆ ಹಂಚಿಹೋಗುತ್ತ ಅರ್ಧ ಗಂಟೆ ನಿಮಿಷಗಳಾಗಿ ಒಡೆಯುತ್ತದೆ. ಐದು ನಿಮಿಷದ ನೀರು ತೋಟ ಮುಟ್ಟುವ ಮೊದಲೇ ಮಣ್ಣಿನ ಕಾಲುವೆ ಕುಡಿದುಬಿಡುತ್ತದೆ. ಅದನ್ನು ಇನ್ನೊಬ್ಬರಿಗೆ ಗೇಣಿಗೆ ಕೊಡುವುದೊಂದೇ ದಾರಿ. ಎಲ್ಲಕ್ಕಿಂತ ದೊಡ್ಡ ಹೊಡೆತ ತಾಯಿಬಾವಿಯ ಮೇಲ್ಗಡೆ ಕೊರೆಸುವ ಪಂಪಿನ ಬಾವಿಗಳದು. ಅಲ್ಲಿ 500 ಮೊಳ ಏನೇನೂ ಸಾಲದೆಂದು ಕಂಡು ಸರ್ಕಾರ ರಕ್ಷಣೆಯ ಅಂಚನ್ನು ಕಿಲೋಮೀಟರುಗಳಲ್ಲಿ ಗೊತ್ತುಮಾಡಬೇಕಾಯಿತು. ಹರೀಮ್ ಅದೇ, ಮೊಳ ಮಾತ್ರ ಹೊಸದು.

ನೆಲದ ವಿಷಯಕ್ಕೆ ಬಂದರೆ, ಸತ್ತ ನೆಲಕ್ಕೆ ಜೀವ ಕೊಟ್ಟವನದೇ ಆ ನೆಲ ಎಂಬುದು ಮೂಲ ಸೂತ್ರ. ಬೇಲಿ ಹಾಕಿದರೆ ಜೀವ ಕೊಟ್ಟಂತಲ್ಲ. ಸುತ್ತ ಕಲ್ಲು ನೆಟ್ಟು ಸುಮ್ಮನೆ ಕೂತವನಿಗೆ ಮೂರು ವರ್ಷದ ಆದ್ಯತೆಯಷ್ಟೇ. ಅಷ್ಟರಲ್ಲಿ ಬೇಸಾಯ ಶುರುವಾಗದಿದ್ದರೆ ಬೇರೆಯವರು ಬರಬಹುದು ಎಂಬ ನಿಯಮ ಪ್ರವಾದಿಯವರ ನಂತರ ಆಳಿದ ಎರಡನೇ ಖಲೀಫ ಉಮರರದು. ಪ್ರವಾದಿಯವರೇ ಬಿಲಾಲ್ ಬಿನ್ ಹಾರಿಸ್ ಎಂಬುವರಿಗೆ ಅಕೀಕ್ ಕಣಿವೆಯ ಭೂಮಿ ಕೊಟ್ಟಿದ್ದರು. ಉಳಲಾಗದಷ್ಟನ್ನು ಉಮರ್ ಹಿಂದಕ್ಕೆ ಪಡೆದು ಹಂಚಿದರು. 1858ರ ಆಟೊಮನ್ ಭೂ ಕಾನೂನಿನಲ್ಲೂ ಸಕಾರಣವಿಲ್ಲದೆ ಮೂರು ವರ್ಷ ಉಳದೆ ಬಿಟ್ಟ ಸರ್ಕಾರಿ ಗೇಣಿಯ ಭೂಮಿ ಕೈತಪ್ಪುತ್ತಿತ್ತು. 1974ರ ‘ಉಳುವವನೇ ಒಡೆಯ’ ಕಂಡ ನಮಗೆ ಇದು ಹತ್ತಿರದ್ದೆನಿಸಬಹುದು, ಆದರೆ ಇಲ್ಲಿನ ಜಗಳ ಧಣಿ–ಒಕ್ಕಲುಗಳ ನಡುವಿನದಲ್ಲ, ಬೇಲಿ–ನೇಗಿಲುಗಳ ನಡುವಿನದು.

ಆದರೆ ಈ ಸೂತ್ರ ಪರಿಸರಕ್ಕೆ ಎರಡಲಗಿನ ಕತ್ತಿ. ಉತ್ತದ್ದೇ ಜೀವ ಎಂದಾದರೆ ಹುಲ್ಲುಗಾವಲು, ಕುರುಚಲು ಕಾಡು ಎಲ್ಲವೂ ಸತ್ತ ನೆಲವಾಗಿ ಕಾಣುತ್ತವೆ. ಹಳೆಯ ಪಂಡಿತರು ಇದಕ್ಕೊಂದು ತಡೆ ಇಟ್ಟಿದ್ದರು. ಊರಂಚಿನಲ್ಲಿ ನಿಂತು ಗಟ್ಟಿಯಾಗಿ ಕೂಗಿದ ದನಿ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗಿನ ನೆಲ ಸತ್ತ ನೆಲವಲ್ಲ, ಊರಿನ ಗೋಮಾಳ, ಕಣ, ಸೌದೆಯ ಜಾಗ. ಅದನ್ನು ಯಾರೂ ಹೊಡೆದುಕೊಳ್ಳುವಂತಿಲ್ಲ. ದೂರದ ನೆಲಕ್ಕೂ ದೊರೆಯ ಅಪ್ಪಣೆ ಬೇಕೆಂದ ಅಬೂ ಹನೀಫಾ. ಬೇಡ ಎಂದರು ಅವನ ಇಬ್ಬರು ಶಿಷ್ಯರು. ಟ್ರ್ಯಾಕ್ಟರು ಬಂದ ಮೇಲೆ ಗುರುವೇ ಸರಿ ಎಂದು ತೋರುತ್ತದೆ. ಸೌದಿ ಅರೇಬಿಯಾದಲ್ಲಿ ಬರೀ ಅನುಮತಿಯಲ್ಲ, ಸಹಾಯಧನವೂ ಸೇರಿತು. ತುಂಬಿಕೊಳ್ಳದ ಪುರಾತನ ಅಂತರ್ಜಲವನ್ನೆತ್ತಿ ಮರಳಿನಲ್ಲಿ ಗೋಧಿ ಬೆಳೆದರು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಬಂತು. 2008ರಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುವ ತೀರ್ಮಾನವಾಗುವ ಹೊತ್ತಿಗೆ ಹೋದ ನೀರು ಹೋಗಿತ್ತು. ಸತ್ತ ನೆಲಕ್ಕೆ ಜೀವ ಬಂದದ್ದು ಜೀವಂತ ನೀರನ್ನು ಕೊಂದು.

ಖನಿಜದ ಪ್ರಶ್ನೆಯಲ್ಲಿ ಒಂದು ಸಣ್ಣ ಪ್ರಸಂಗ ನಮ್ಮ ಬಳ್ಳಾರಿಗೂ ಕೇಳಿಸಬೇಕಾದದ್ದು. ಅಬ್ಯದ್ ಬಿನ್ ಹಮ್ಮಾಲ್ ಎಂಬುವರು ಯೆಮೆನ್‌ನ ಮಾರಿಬ್‌ನಲ್ಲಿದ್ದ ಉಪ್ಪಿನ ಗಣಿಯನ್ನು ತನಗೆ ಕೊಡಿ ಎಂದು ಕೇಳಿದರು, ಪ್ರವಾದಿಯವರು ಕೊಟ್ಟರು. ಅಲ್ಲಿದ್ದ ಒಬ್ಬರು, ತಾವು ಕೊಟ್ಟದ್ದು ಬತ್ತದ ನೀರಿನಂಥದ್ದು ಎಂದರು. ಪ್ರವಾದಿಯವರು ಅದನ್ನು ಹಿಂದಕ್ಕೆ ಪಡೆದರು. ಅಗೆಯುವ ಶ್ರಮವಿಲ್ಲದೆ ಯಾರೂ ಬಾಚಿಕೊಳ್ಳಬಹುದಾದ ಸಂಪತ್ತನ್ನು ಒಬ್ಬನಿಗೆ ಬರೆದುಕೊಡಬಾರದೆಂದು ಪಂಡಿತರು ಇದರಿಂದ ಸೂತ್ರ ಮಾಡಿದರು. ಕೊಟ್ಟ ಗುತ್ತಿಗೆಯನ್ನೂ ಹೊಸ ಮಾಹಿತಿ ಬಂದರೆ ರದ್ದು ಮಾಡಬಹುದು ಎಂಬುದು ಅದರ ಇನ್ನೊಂದು ಅರ್ಥ.

ಝಕಾತನ್ನು, ಅಂದರೆ ಮುಸ್ಲಿಮರು ಸಂಪತ್ತಿನಲ್ಲಿ ಕಡ್ಡಾಯವಾಗಿ ಕೊಡಬೇಕಾದ ಪಾಲನ್ನು, ಎಲ್ಲರೂ ದಾನ ಎಂದೇ ಓದುತ್ತಾರೆ. ಅದರ ದರಗಳನ್ನು ಸಂಪನ್ಮೂಲದ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಮಳೆಯಲ್ಲಿ ಬೆಳೆದ ಬೆಳೆಗೆ ಹತ್ತರಲ್ಲೊಂದು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು; ಅರ್ಧ ಮಳೆ, ಅರ್ಧ ಏತವಾದರೆ ಶೇಕಡಾ 7.5. ಹೆಚ್ಚಿನ ಪಂಥಗಳಲ್ಲಿ ಐದು ವಸ್ಕ್, ಅಂದರೆ ಸುಮಾರು 650 ಕಿಲೋ ದಾಟಿದ ಫಸಲಿಗೆ ಮಾತ್ರ. ದರ ಅರ್ಧವಾದದ್ದು ನೀರೆತ್ತುವ ಖರ್ಚಿಗಾಗಿ. ಹಾಗಾದರೆ ಕರ್ನಾಟಕದಲ್ಲಿ 10 ಎಚ್‌ಪಿವರೆಗೆ ಪುಕ್ಕಟೆ ಕರೆಂಟಿನಲ್ಲಿ ಕಬ್ಬು ಬೆಳೆವವನಿಗೆ ರಿಯಾಯಿತಿ ಏಕೆ? ಬೋರು ಕೊರೆಸಿದ ಸಾಲ, ಸುಟ್ಟ ಮೋಟರಿನ ರಿವೈಂಡಿಂಗು ಖರ್ಚಲ್ಲವೇ ಎನ್ನಬಹುದು, ಅದೂ ಸರಿಯೇ. ಆದರೆ ಕಾರಣ ನೋಡಿ ದರ ಗೊತ್ತುಮಾಡಿದ ಕಾನೂನನ್ನು ಕಾರಣ ಮರೆತು ಜಾರಿಮಾಡಿದರೆ ಮಳೆಯಾಶ್ರಿತ ರಾಗಿಯವನು ಎರಡು ಪಟ್ಟು ಕೊಡುತ್ತಾನೆ.

ಜಾನುವಾರಿನ ಝಕಾತ್ ಇನ್ನೂ ಸೊಗಸು. 40 ಕುರಿಗೆ ಒಂದು, 30 ದನಕ್ಕೆ ವರ್ಷದ ಒಂದು ಕರು. ಆದರೆ ಹೆಚ್ಚಿನ ಪಂಡಿತರ ಪ್ರಕಾರ ಇದು ವರ್ಷದ ಬಹುಪಾಲು ಬಯಲಲ್ಲಿ ಮೇಯುವ ಮಂದೆಗೆ ಮಾತ್ರ. ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಕೊಂಡು ಹಾಕುವವನ ಪಶುಗಳಿಗಿಲ್ಲ. ಎಲ್ಲರ ಹುಲ್ಲನ್ನು ತಿಂದದ್ದಕ್ಕೆ ತೆರಬೇಕಾದ ಮೇವಿನ ತೆರಿಗೆ ಎಂದು ಇದನ್ನು ಯಾಕೆ ಓದಬಾರದು?

ವಕ್ಫ್ ಎಂದರೆ ಇತ್ತೀಚೆಗೆ ಪಹಣಿ, ಕೋರ್ಟು, ರಾಜಕೀಯ ಎಂಬಂತಾಗಿದೆ. ಆ ಚರ್ಚೆ ಇಲ್ಲಿ ಬೇಡ. ಅದರ ಮೂಲದ ಮಾತು ಖೈಬರ್ ಎಂಬಲ್ಲಿ ಉಮರರಿಗಿದ್ದ ಭೂಮಿಯದು. ಮೂಲವನ್ನು ಹಿಡಿದಿಟ್ಟು ಫಲವನ್ನು ಬಿಟ್ಟುಕೊಡು ಎಂದು ಪ್ರವಾದಿಯವರು ಸಲಹೆ ಕೊಟ್ಟರು. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಉತ್ತರಾಧಿಕಾರದಲ್ಲಿ ಹಂಚುವಂತಿಲ್ಲ. ಪಾಲು ಒಡೆಯುತ್ತ ಹೋಗುವ ರೋಗಕ್ಕೆ ಇದೇ ಮದ್ದು. ಆದಾಯ ಬಂದಾಗ ಮೊದಲ ಖರ್ಚು ಆಸ್ತಿಯ ದುರಸ್ತಿಗೆ, ವಕ್ಫ್ ಮಾಡಿದವನು ಹಾಗೆ ಬರೆಯದಿದ್ದರೂ. ಮಾಡು ಸೋರುತ್ತಿರುವಾಗ, ಕಾಲುವೆ ಹೂತಿರುವಾಗ ಫಲಾನುಭವಿಗೆ ಕಾಸೂ ಇಲ್ಲ. ಕಾಡು, ಕೆರೆಗಳ ಆದಾಯವನ್ನು ಹೀಗೆ ಲೆಕ್ಕ ಹಾಕಿದ ಬಜೆಟ್ಟು ಎಲ್ಲಿದೆ?

ಹೊಲವನ್ನು ಮೂರು ವರ್ಷ, ಮನೆಯನ್ನು ಒಂದು ವರ್ಷಕ್ಕಿಂತ ಹೆಚ್ಚು ಗೇಣಿಗೆ ಕೊಡಬೇಡಿ ಎಂದು ಹನಫಿಗಳು ಎಚ್ಚರಿಸಿದ್ದು ಸುಮ್ಮನಲ್ಲ. ಉದ್ದದ ಗೇಣಿ ಕಾಲಕ್ರಮದಲ್ಲಿ ಒಡೆತನವಾಗಿ ಕೂರುತ್ತದೆ. ಇಸ್ತಾಂಬುಲಿನಲ್ಲಿ ಹಾಗೇ ಆಯಿತು. ಬೆಂಕಿ ಬಿದ್ದು ಸುಟ್ಟ ವಕ್ಫ್ ಕಟ್ಟಡಗಳನ್ನು ಕಟ್ಟಿಸಲು ದುಡ್ಡಿಲ್ಲದೆ, ಮುಂಗಡವಾಗಿ ಆಸ್ತಿಯ ಬೆಲೆಯಷ್ಟೇ ಇಡಿಗಂಟು, ಮೇಲೆ ವರ್ಷಕ್ಕಿಷ್ಟು ಚಿಲ್ಲರೆ ಬಾಡಿಗೆ ಎಂಬ ಎರಡು ಬಾಡಿಗೆಯ ಪದ್ಧತಿ ಬಂತು. ನಾಣ್ಯದ ಬೆಲೆ ಇಳಿಯಿತು, ಚಿಲ್ಲರೆ ಚಿಲ್ಲರೆಯಾಗಿಯೇ ಉಳಿಯಿತು, ಬಾಡಿಗೆದಾರ ಮಾಲೀಕನಾದ.

ಈಗಿನ ಹಸಿರು ಸುಕೂಕ್‌ಗಳ ಬಗ್ಗೆ ಎರಡು ಮಾತು ಸಾಕು. ಬಡ್ಡಿಯ ಬದಲು ಆಸ್ತಿಯಲ್ಲಿ ಪಾಲು ಎಂಬ ಲೆಕ್ಕದ ಈ ಪತ್ರಗಳನ್ನು 2018ರಲ್ಲಿ ಇಂಡೋನೇಷ್ಯಾ ಸರ್ಕಾರ 125 ಕೋಟಿ ಡಾಲರಿಗೆ ಹೊರಡಿಸಿತು. ಇಂಥ ಸರ್ಕಾರಿ ಪತ್ರಗಳಲ್ಲಿ ಪಾಲು ಬಹುಮಟ್ಟಿಗೆ ಕಾಗದದ ಮೇಲಿನದು. ಹಣ ಬಾರದಿದ್ದರೆ ಕೊಂಡವನು ಸೋಲಾರ್ ಫಲಕವನ್ನು ಹೊತ್ತೊಯ್ಯಲಾರ, ಸರ್ಕಾರದ ಬಾಗಿಲನ್ನೇ ತಟ್ಟಬೇಕು. ಕೆಟ್ಟದ್ದೇನಲ್ಲ, ಆದರೆ ಫಲಜ್‌ನ ಅಸರ್‌ಗೆ ಇರುವ ತೂಕ ಇದಕ್ಕಿಲ್ಲ.

ತೂಕ ಇದ್ದದ್ದು ಹಿಮಾಕ್ಕೆ, ಅಂದರೆ ಕಾಯ್ದಿಟ್ಟ ಹುಲ್ಲುಗಾವಲಿಗೆ. ಇಸ್ಲಾಮಿಗಿಂತ ಮೊದಲು ಅರಬ್ ಪಾಳೆಯಗಾರರು ತಮ್ಮ ಮಂದೆಗಾಗಿ ಹುಲ್ಲುಗಾವಲು ಕಾಯ್ದಿರಿಸಿಕೊಳ್ಳುತ್ತಿದ್ದರು. ದೇವರಿಗೂ ಅವನ ದೂತನಿಗೂ ಹೊರತು ಹಿಮಾ ಇಲ್ಲ ಎಂದು ಪ್ರವಾದಿಯವರು ಅದನ್ನು ರದ್ದುಮಾಡಿ, ಸಾರ್ವಜನಿಕ ಕಾರ್ಯದ ಕುದುರೆಗಳಿಗಾಗಿ ನಕೀಅ್ ಎಂಬಲ್ಲಿ ಒಂದನ್ನು ಉಳಿಸಿದರು. ಮುಂದೆ ಊರೂರ ಹಿಮಾಗಳು ಬೆಳೆದವು. ಒಂದರಲ್ಲಿ ಮೇಯಿಸುವಂತಿಲ್ಲ, ಬರದಲ್ಲಿ ಕೊಯ್ದು ಒಯ್ಯಬಹುದು. ಇನ್ನೊಂದರಲ್ಲಿ ಗೊತ್ತಾದ ತಿಂಗಳಲ್ಲಿ ಮಾತ್ರ ಮೇಯಿಸಬಹುದು. ಮತ್ತೊಂದು ಹೂಬಿಡುವ ಕಾಲಕ್ಕೆ ಜೇನಿಗೆ ಮೀಸಲು. ಸೌದಿ ಅರೇಬಿಯಾದಲ್ಲಿ 1953ರ ರಾಜಾಜ್ಞೆ ಇವನ್ನೆಲ್ಲ ಎಲ್ಲರಿಗೂ ತೆರೆಯಿತು. ಸಮಾನತೆಯ ಹೆಸರಿನಲ್ಲಿ ಕಾವಲು ಹೋಯಿತು. ಲಾರಿಯಲ್ಲಿ ನೀರೂ ಮಂದೆಯೂ ಬರುವ ಕಾಲ ಅದು, ಹುಲ್ಲು ಎದ್ದ ಕಡೆಗೆಲ್ಲ ಕುರಿಗಳು ಬಂದಿಳಿದವು. ಲೆಬನಾನಿನಲ್ಲಿ 2004ರಿಂದ ಪಂಚಾಯಿತಿಗಳ ಮೂಲಕ ಹಿಮಾ ಮತ್ತೆ ಶುರುವಾಗಿದೆ. ಅಲ್ಲಿ ಮುಸ್ಲಿಮೇತರ ಊರುಗಳೂ ಅದನ್ನು ಒಪ್ಪಿಕೊಂಡಿವೆ.

ಹಿಮಾದ ಕಾವಲುಗಾರನಿಗೆ ಉಮರ್ ಕೊಟ್ಟ ಆದೇಶ ಬುಖಾರಿಯಲ್ಲಿದೆ. ಕಾವಲುಗಾರನ ಹೆಸರು ಹುನಯ್ಯ್. ಕೆಲವೇ ಒಂಟೆ, ಕೆಲವೇ ಕುರಿ ಇದ್ದವನನ್ನು ಒಳಗೆ ಬಿಡು. ಇಬ್ನ್ ಔಫ್ ಮತ್ತು ಇಬ್ನ್ ಅಫ್ಫಾನರ ಮಂದೆಯನ್ನು ಬಿಡಬೇಡ ಎಂದರು. ಇಬ್ಬರೂ ಪ್ರವಾದಿಯ ಹತ್ತಿರದ ಸಂಗಾತಿಗಳು, ಭಾರಿ ಸಿರಿವಂತರು. ಎರಡನೆಯವರು ಮುಂದೆ ಖಲೀಫರೇ ಆದ ಉಸ್ಮಾನ್. ಕಾರಣವನ್ನೂ ಉಮರ್ ಲೆಕ್ಕಿಗರ ಹಾಗೆ ಕೊಟ್ಟರು. ಸಿರಿವಂತರ ಮಂದೆ ಸತ್ತರೆ ಅವರು ತಮ್ಮ ಹೊಲ, ಖರ್ಜೂರದ ತೋಟಕ್ಕೆ ಮರಳುತ್ತಾರೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ಬಂದು ನನ್ನ ಮುಂದೆ ನಿಲ್ಲುತ್ತಾನೆ, ಆಗ ಕೈಬಿಡಲಾದೀತೇ? ಚಿನ್ನ ಬೆಳ್ಳಿ ಕೊಡುವುದಕ್ಕಿಂತ ನೀರು ಹುಲ್ಲು ಕೊಡುವುದು ನನಗೆ ಸುಲಭ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಸುತ್ತಲ ಜನ ನಾನು ಅನ್ಯಾಯ ಮಾಡಿದೆನೆಂದು ತಿಳಿದಿದ್ದಾರೆ, ಇದು ಅವರದೇ ನಾಡು, ಇದಕ್ಕಾಗಿ ಹೋರಾಡಿದವರು ಅವರು, ಸಾರ್ವಜನಿಕರ ಆ ಪಶುಗಳು ಇಲ್ಲದೇ ಇದ್ದರೆ ಅವರ ನೆಲದಲ್ಲಿ ಒಂದು ಗೇಣನ್ನೂ ನಾನು ಮೀಸಲಿಡುತ್ತಿರಲಿಲ್ಲ.